ಶೆಡ್ಡಿಂದ ಆಚೆ

ಆನವಟ್ಟಿಯ ನನ್ನ ಹೊಲಿಗೆ ಅಂಗಡಿಗೆ ರವಿಕೆಯ ಅಳತೆ ಕೊಡಲು ಬಂದವರು ಈಗಲೂ ಕೇಳುತ್ತಾರೆ, "ನೀವು ಯುದ್ಧಕ್ಕೆ ಹೋಗಿದ್ರಂತಲ್ಲ, ಹೆಂಗಿತ್ತು?" ಎಂದು. ನಾನು ಟೇಪು ಸುತ್ತುತ್ತಾ, "ಉಸಿರು ಬಿಗಿ ಹಿಡೀಬೇಡಿ, ಅಳತೆ ತಪ್ಪತ್ತೆ" ಎಂದು ಮಾತು ಮುಗಿಸುತ್ತೇನೆ. ಹನ್ನೆರಡು ದಿನ ಒಂದು ಕಾರ್ಖಾನೆ ಪಟ್ಟಣ ಕಾಯಲು ಹೋಗಿದ್ದೆವು. ಶತ್ರುವಿನ ಒಂದು ಡ್ರೋನ್ ಕೂಡ ನಮ್ಮ ತಲೆಯ ಮೇಲೆ ಹಾರಲಿಲ್ಲ. ಆದರೂ ನಮ್ಮವನೊಬ್ಬ ಗಂಟಲು ಕಳೆದುಕೊಂಡು ಬಂದ, ಮೇಲೆ ಅಪವಾದ ಬೇರೆ ಹೊತ್ತುಕೊಂಡ. ಇದನ್ನೆಲ್ಲ ತೋಳಿನ ಅಳತೆ ತೆಗೆಯುವ ಹೊತ್ತಿನಲ್ಲಿ ಹೇಳಲಿಕ್ಕಾಗುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಗಡಿಯಲ್ಲಿ ಕಾದಾಟ ಶುರುವಾದ ಮೂರನೇ ದಿನ ಶಿಕಾರಿಪುರ ಮತ್ತು ಸೊರಬ ತಾಲೂಕಿನ ಹೋಂಗಾರ್ಡುಗಳನ್ನೆಲ್ಲ ಶಿಕಾರಿಪುರದ ಮೈದಾನಕ್ಕೆ ಕರೆಸಿದರು. ನಾವು ಖಾಕಿ ಹಾಕುತ್ತೇವೆ ಅಷ್ಟೆ. ಪೊಲೀಸರೂ ಅಲ್ಲ, ಸೈನಿಕರೂ ಅಲ್ಲ. ಚುನಾವಣೆ ಬಂದರೆ ಬೂತಿನ ಬಾಗಿಲಲ್ಲಿ, ಜನ ಸೇರಿದರೆ ಹಗ್ಗ ಹಿಡಿದುಕೊಂಡು ನಿಲ್ಲುವವರು. ಉಳಿದ ದಿನ ಒಬ್ಬರಿಗೆ ಗ್ಯಾರೇಜು, ಒಬ್ಬರಿಗೆ ಗದ್ದೆ, ನನಗೆ ಮಿಷನ್ನು. ನನ್ನ ಕೈಬರಹ ಚೆನ್ನಾಗಿದೆ ಎಂದು ವೈರ್‌ಲೆಸ್ ಸೆಟ್ಟಿಗೆ ಹಾಕಿದರು. ಕೈಬರಹ ಕೆಟ್ಟದಾಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಸೆಟ್ಟಿನ ಕೆಲಸ ಕಲಿಸಲು ಬಂದವರು ಹೊಸಬಾಳೆಯ ಒಬ್ಬ ನಿವೃತ್ತ ಹವಾಲ್ದಾರರು. ಸೈನ್ಯದಲ್ಲಿ ಸಿಗ್ನಲ್ಸ್ ವಿಭಾಗದಲ್ಲಿದ್ದವರು. ಮೊದಲ ದಿನವೇ ಹೇಳಿದರು:

"ಸೆಟ್ಟಿನ ಮುಂದೆ ಕೂತೋರಿಗೆ ತಲೆ ಇರಬಾರ್ದು. ಕಿವಿ, ಕೈ, ಬಾಯಿ, ಮುಗೀತು. ಕೇಳಿದ್ದನ್ನ ಕೇಳಿದ ಹಂಗೇ ಬರೀರಿ. ಬರೆದದ್ದನ್ನ ಅವರಿಗೇ ಓದಿ ಹೇಳಿ. ಅವರು ಹೌದು ಅಂದ್ಮೇಲೆ ಮುಂದಿನೋರಿಗೆ ದಾಟಿಸಿ. ನಿಮ್ಮ ಸ್ವಂತದ್ದು ಒಂದಕ್ಷರ ಸೇರಿಸಿದ್ರೆ ಅಲ್ಲಿ ಒಂದು ಜೀವ ಹೋಗತ್ತೆ, ತಿಳ್ಕಳಿ."

ಎರಡು ದಿನ ಅದನ್ನೇ ಮಾಡಿಸಿದರು. ಒಂದು ಗೆರೆಗೆ ಒಂದು ಸಂದೇಶ, ಎಡಗಡೆ ಗಂಟೆ, ನಿಮಿಷ, ಯಾರಿಂದ, ಯಾರಿಗೆ, ಆಮೇಲೆ ಮಾತು. ಅಕ್ಷರ ತಿದ್ದುವ ಹಾಗಿಲ್ಲ. ತಪ್ಪಾದರೆ ಅಡ್ಡಗೆರೆ ಎಳೆದು ಹೊಸ ಸಾಲಿನಲ್ಲಿ ಬರೆದು ಸಹಿ ಮಾಡಬೇಕು. ಬಟ್ಟೆಗೆ ಕತ್ತರಿ ಹಾಕುವುದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ ನನಗೆ. ಬೇಗ ಕಲಿತೆ. ಹವಾಲ್ದಾರರು ಎಲ್ಲರೆದುರು ಶಹಬ್ಬಾಸ್ ಅಂದರು, ನಾನು ಉಬ್ಬಿಹೋದೆ.

ಅಲ್ಲಿ ನನಗೆ ಜೋಡಿಯಾಗಿ ಸಿಕ್ಕವನು ಶಿಕಾರಿಪುರದ ಒಬ್ಬ ಬಸ್ ಏಜೆಂಟ್. ಖಾಸಗಿ ಬಸ್ಸುಗಳ ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗಿ ಜನರನ್ನು ಹತ್ತಿಸುವ ಕೆಲಸ. ನಲವತ್ತು ದಾಟಿದ ಆಳು, ಕೆಂಪು ಕಣ್ಣು, ಗಂಟಲು ಮಾತ್ರ ಕಂಚು. ಕೈಗೆ ಸಣ್ಣ ಸೆಟ್ಟು ಕೊಟ್ಟರೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕ.

"ಅಕ್ಕ, ನನಗ್ಯಾಕ್ರೀ ಇದು? ನಾನಿಲ್ಲಿ ನಿಂತು ಒಂದು ಕೂಗು ಹಾಕಿದ್ರೆ ನಿಮ್ಮ ಆನವಟ್ಟೀಲಿ ಕೇಳ್ತೈತೆ."

"ಕೇಳತ್ತೆ ಮಾರಾಯ. ದಿನಾ ಕೇಳಿ ಕೇಳಿ ನಮ್ಮೂರಿನ ಎಮ್ಮೆ ಹಾಲು ಕೊಡೋದು ಬಿಟ್ಟಾವೆ" ಅಂದೆ.

"ನಿಮ್ಮ ಸೊರಬದೋರು ಬೈದ್ರೂ ಹಾಡು ಹೇಳ್ದಂಗೇ ಇರ್ತೈತೆ ಬಿಡ್ರಿ" ಎಂದು ಅವನೂ ಬಿಡಲಿಲ್ಲ.

ಆ ಖಾಕಿಯ ಮೇಲೆ ಅವನಿಗೆ ಬಲು ಆಸೆ. ಬಸ್ ಸ್ಟ್ಯಾಂಡಿನಲ್ಲಿ ಯಾರು ಬೇಕಾದರೂ "ಲೇ" ಎಂದು ಕರೆಯುವ ಮನುಷ್ಯ. ಖಾಕಿ ಹಾಕಿದ ದಿನ ಅದೇ ಜನ "ಏನ್ರೀ" ಅನ್ನುತ್ತಿದ್ದರಂತೆ. ಇಸ್ತ್ರಿಯ ಗೆರೆ ಮುರಿಯುತ್ತದೆಂದು ಮೈದಾನದಲ್ಲಿ ಕೂರುತ್ತಲೇ ಇರಲಿಲ್ಲ, ನಿಂತೇ ಇರುತ್ತಿದ್ದ.

ನಮ್ಮನ್ನು ಕಳಿಸಿದ್ದು ಬಂದರಿನ ಪಕ್ಕದ ಒಂದು ಕಾರ್ಖಾನೆ ಪಟ್ಟಣಕ್ಕೆ. ಹೆಸರು ಬೇಡ. ಅದರಲ್ಲಿ ನಮ್ಮ ಪಾಲಿಗೆ ಬಂದದ್ದು ಕೈಗಾರಿಕಾ ವಸಾಹತಿನ ಒಂದು ಮೂಲೆ: ಮೂರು ಶೆಡ್ಡು, ಮುಂದೆ ಗೇಟು, ಗೇಟಿನಾಚೆ ಬಯಲು. ಮೂರನೇ ಶೆಡ್ಡಿನಲ್ಲಿ ಹೆಂಗಸರು ಮೀನಿನ ಪ್ಯಾಕಿಂಗ್ ಮಾಡುತ್ತಿದ್ದರು. ಆ ಶೆಡ್ಡಿನ ಹಿಂದೆ ಸ್ವಲ್ಪ ಜಾಗ, ಅದರ ಹಿಂದೆ ತಂತಿಬೇಲಿ, ಬೇಲಿಗೆ ತಾಗಿಕೊಂಡು ಐಸ್ ಫ್ಯಾಕ್ಟರಿ.

ಗುಡ್ಡೆಯ ಮೇಲಿನ ನೀರಿನ ಟ್ಯಾಂಕಿನ ಪಕ್ಕ ಸೈನ್ಯದವರು ವಿಮಾನ ಹೊಡೆಯುವ ಒಂದು ತೋಪು ಇಟ್ಟುಕೊಂಡಿದ್ದರು. ಆರು ಜವಾನರು, ಅವರ ಮೇಲೆ ಒಬ್ಬ ಸುಬೇದಾರ್. ಉತ್ತರದವರು, ಕನ್ನಡ ಬಾರದು. ತೋಪಿನ ಸುತ್ತ ಮರಳು ಮೂಟೆ ಬೇಕಿತ್ತು. ನಾವು ಮೂರು ದಿನ ಮರಳು ತುಂಬಿದೆವು, ನಾನು ದಬ್ಬಣ ಹಿಡಿದು ಸುತಲಿ ದಾರದಿಂದ ಬಾಯಿ ಹೊಲಿದೆ. ಸುಬೇದಾರ್ ಒಂದು ಮೂಟೆಯನ್ನು ಎತ್ತಿ ಕುಕ್ಕಿ ನೋಡಿ, ಬಾಯಿ ಬಿಚ್ಚದ್ದನ್ನು ಕಂಡು, "ಬೆಹನ್‌ಜೀ, ಏಕ್ ನಂಬರ್" ಅಂದರು. ಆ ಹನ್ನೆರಡು ದಿನದಲ್ಲಿ ನನಗೆ ಸಿಕ್ಕ ನಿಜವಾದ ಮೆಚ್ಚುಗೆ ಅದೊಂದೇ.

ಮೂರನೇ ಶೆಡ್ಡಿನ ಹಿಂದಿನ ಜಾಗದಲ್ಲಿ ಎದೆಮಟ್ಟದ ಕಂದಕ ತೋಡಿದ್ದೆವು. ನಿಯಮ ಹೀಗಿತ್ತು: ಸೈರನ್ ಕೂಗಿದ ಕೂಡಲೇ ಕರೆಂಟು ಬಂದ್, ಹೆಂಗಸರು ಕೆಲಸ ಬಿಟ್ಟು ಶೆಡ್ಡಿನೊಳಗೇ ಸಾಲಾಗಿ ನಿಲ್ಲಬೇಕು. ಮುಂದಿನದು ಕಂಟ್ರೋಲ್ ರೂಮಿನ ಮಾತು. ಅವರು ಹೇಳಿದರೆ ಶೆಡ್ಡಿನ ಹಿಂಬಾಗಿಲಿನಿಂದ ಕಂದಕಕ್ಕೆ. ಗೇಟಿನ ಮುಂದಿನ ಬಯಲು ಬೆಂಕಿಗಿಂಕಿ ಬಿದ್ದರೆ ಎಂದು ಇಟ್ಟದ್ದು. ಕಾಗದದಲ್ಲಿ ಅದೂ ಇತ್ತು, ಅಭ್ಯಾಸ ಮಾತ್ರ ಒಂದು ದಿನವೂ ಆಗಲಿಲ್ಲ. ಯುದ್ಧವೆಂದರೆ ಮೇಲಿಂದ ಬರುವುದೆಂದೇ ಎಲ್ಲರೂ ಅಂದುಕೊಂಡಿದ್ದರು.

ಕಂದಕದ ಅಭ್ಯಾಸ ಮಾಡಿಸುವುದು ಏಜೆಂಟನ ಜವಾಬ್ದಾರಿ. ಹಿಂಬಾಗಿಲಲ್ಲಿ ನಿಂತು, "ಬರ್ರೀ ಬರ್ರೀ, ಸೀಟ್ ಐತೆ, ಮುಂದೆ ನಡೀರಿ, ಆಚೆ ಸರೀರಿ" ಎಂದು ಬಸ್ಸಿಗೆ ಹತ್ತಿಸುವ ಹಾಗೇ ಇಳಿಸುತ್ತಿದ್ದ. ಎಲ್ಲರೂ ಇಳಿದ ಮೇಲೆ ತಗಡಿನ ಗೋಡೆಗೆ ಎರಡು ಸಲ ಬಡಿದು "ರೈಟ್!" ಅನ್ನುತ್ತಿದ್ದ. ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ನಕ್ಕು ಕಲಿತದ್ದು ಮರೆಯುವುದಿಲ್ಲ ನೋಡಿ. ನಾಲ್ಕೇ ದಿನಕ್ಕೆ ಕಣ್ಣು ಮುಚ್ಚಿಕೊಂಡು ಇಳಿಯುವಂತಾದರು.

ನಾನು ಗೇಟಿನ ಪಕ್ಕದ ಕಾವಲು ಕೋಣೆಯಲ್ಲಿ. ಎದುರಿಗೆ ಸೆಟ್ಟು, ಲಾಗ್ ಪುಸ್ತಕ, ಗೋಡೆಯಲ್ಲಿ ಒಂದು ಹಾಳೆ. ಸೆಟ್ಟಿನಲ್ಲಿ ಹೇಳಬಾರದ ಪದಗಳು ಅದರಲ್ಲಿದ್ದವು: ಬಾಂಬ್, ಬೆಂಕಿ, ಗ್ಯಾಸ್, ಸಾವು. ಯಾರಾದರೂ ಕದ್ದು ಕೇಳಿ ಊರಿಗೆಲ್ಲ ಗಾಬರಿ ಹಬ್ಬಿಸಬಾರದೆಂದು ಹಾಗೆ. ಕಂಟ್ರೋಲ್ ರೂಮು ಮೂರು ಮೈಲಿ ದೂರ. ಅಲ್ಲಿನ ಸಾಹೇಬರು ಮೈಸೂರು ಕಡೆಯವರು, ನಯವಾದ ಮಾತು, ಯಾವತ್ತೂ ಸಿಡುಕಿದವರಲ್ಲ.

ಒಂಬತ್ತನೇ ದಿನ ಮಧ್ಯಾಹ್ನ ಮೂರಕ್ಕೆ ಸೈರನ್ ಕೂಗಿತು. ಸಮುದ್ರದ ಮೇಲೆ ಏನೋ ಹಾರುತ್ತಿದೆ ಎಂಬ ಸುದ್ದಿ. ಕರೆಂಟು ತೆಗೆದರು. ಗುಡ್ಡೆಯ ಮೇಲೆ ತೋಪಿನ ಮೂತಿ ಪಡುವಣಕ್ಕೆ ತಿರುಗುವುದು ಕಿಟಕಿಯಿಂದ ಕಂಡಿತು. ಹೆಂಗಸರು ಸಾಲಾಗಿ ನಿಂತಿದ್ದಾರೆ ಎಂದು ಏಜೆಂಟ್ ವರದಿ ಕೊಟ್ಟ. ಐದಾರು ನಿಮಿಷ ಕಳೆದಿರಬಹುದು, ಕಂಟ್ರೋಲ್ ಕರೆಯಿತು.

"ಮೂರನೇ ಶೆಡ್‌ನಲ್ಲಿರೋರನ್ನೆಲ್ಲ ತಕ್ಷಣ ಶೆಡ್ಡಿಂದ ಆಚೆ ಕಳಿಸಿ. ಓವರ್."

ಬರೆದೆ. ಮೂರು ಗಂಟೆ ಹನ್ನೊಂದು. ಓದಿದೆ: "ಮೂರನೇ ಶೆಡ್‌ನಲ್ಲಿರೋರನ್ನೆಲ್ಲ ತಕ್ಷಣ ಶೆಡ್ಡಿಂದ ಆಚೆ ಕಳಿಸಿ. ಸರಿಯಾ ಸರ್? ಓವರ್."

"ಹೌದು, ಆಚೆ. ಬೇಗ."

ಏಜೆಂಟನಿಗೆ ದಾಟಿಸಿದೆ, ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. "ಆಚೆ. ರೈಟ್" ಅಂದ ಅವನು.

ನಮ್ಮ ಸೀಮೆಯಲ್ಲಿ ಆಚೆ ಎಂದರೆ ಆ ಕಡೆ. ಆಚೆ ಮನೆ, ಆಚೆ ಕೇರಿ, ಕೆರೆ ಆಚೆ. ಬಾಗಿಲು ದಾಟಿ ಬರುವುದಕ್ಕೆ ನಾವು ಹೊರಗೆ ಅನ್ನುತ್ತೇವೆ. ಶೆಡ್ಡಿಂದ ಆಚೆ ಅಂದರೆ ಶೆಡ್ಡಿನ ಆ ಬದಿ, ಅಲ್ಲಿ ಇರುವುದು ಕಂದಕ. ಮೈಸೂರು ಕಡೆಯವರಿಗೆ ಆಚೆ ಎಂದರೆ ಹೊರಗೆ. ಸಾಹೇಬರು ಹೇಳಿದ್ದು ಶೆಡ್ಡು ಖಾಲಿ ಮಾಡಿ ಗೇಟಿನತ್ತ ಹೊರಗೆ ತನ್ನಿ ಎಂದು. ಯಾಕೆಂದರೆ ಗಾಬರಿಯಲ್ಲಿ ಐಸ್ ಫ್ಯಾಕ್ಟರಿಯವರು ಯಂತ್ರ ನಿಲ್ಲಿಸುವಾಗ ಯಾವುದೋ ಪೈಪಿನ ಜೋಡಣೆ ಬಿಟ್ಟುಕೊಂಡು ಅಮೋನಿಯಾ ಸೋರತೊಡಗಿತ್ತು. ಅವರು ಕಂಟ್ರೋಲಿಗೆ ಫೋನ್ ಮಾಡಿದ್ದರು. ಸಾಹೇಬರಿಗೆ ಅದು ಗೊತ್ತಿತ್ತು. ಗ್ಯಾಸ್ ಎಂಬ ಪದ ಮಾತ್ರ ಗೋಡೆಯ ಹಾಳೆಯಲ್ಲಿತ್ತು, ಬಾಯಿಂದ ಬರಲಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಯಾರನ್ನು ಉದ್ಧಾರ ಮಾಡಬೇಕಿದೆ? ಆ ಕಡೆಯವರ ಆಚೆ ನನಗೆ ಗೊತ್ತಿತ್ತು. ಟಿ.ವಿ. ಧಾರಾವಾಹಿಯಲ್ಲಿ ಅತ್ತೆಯರು ಸೊಸೆಯರಿಗೆ ದಿನಾ "ಮನೆಯಿಂದ ಆಚೆ ಹೋಗು" ಅನ್ನುತ್ತಾರೆ. ಮಿಷನ್ ತುಳಿಯುತ್ತಾ ನೂರು ಸಲ ಕೇಳಿದ್ದೇನೆ. ಆ ಹೊತ್ತಿಗೆ ಹೊಳೆಯಲಿಲ್ಲ. ತಲೆ ಇರಬಾರದು ಎಂದು ಕಲಿಸಿದ್ದರಲ್ಲ, ಅಚ್ಚುಕಟ್ಟಾಗಿ ಕಲಿತಿದ್ದೆ.

ಮೊದಲು ಕಂಡದ್ದು ಗುಡ್ಡೆಯ ಮೇಲಿದ್ದ ಸುಬೇದಾರರಿಗೆ. "ಗ್ಯಾಸ್! ಗ್ಯಾಸ್!" ಎಂದು ಕೂಗುತ್ತಾ ಮುಖವಾಡದ ಚೀಲಕ್ಕೆ ಕೈ ಹಾಕಿ ಇಬ್ಬರು ಜವಾನರ ಜೊತೆ ಇಳಿದು ಓಡಿದರು. ನಾನು ಕೋಣೆಯಿಂದ ಹೊರಗೆ ಬಂದೆ. ಮೂರನೇ ಶೆಡ್ಡಿನ ಹಿಂದಿನಿಂದ ಬಿಳಿ ಹೊಗೆ ನೆಲ ಹಿಡಿದೇ ಬರುತ್ತಿತ್ತು. ಅಷ್ಟು ದೂರಕ್ಕೇ ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು.

ಆಮೇಲೆ ಕೇಳಿಸಿದ್ದು ಏಜೆಂಟನ ದನಿ.

"ವಾಪಸ್! ವಾಪಸ್! ಬಾಗ್ಲು ಇಲ್ಲೈತೆ, ಇಲ್ ಬರ್ರೀ, ನನ್ ದನಿ ಹಿಡ್ದು ಬರ್ರೀ!"

ಹೆಂಗಸರು ಅದಾಗಲೇ ಕಂದಕದಲ್ಲಿದ್ದರು. ಕಣ್ಣು ಬಿಡಲಾಗದು, ಹಿಂಬಾಗಿಲು ಯಾವ ದಿಕ್ಕಿಗೆ ಎಂದು ತಿಳಿಯದು. ಅವನು ಬಾಗಿಲ ಹತ್ತಿರ ನಿಂತು ಒಂದೇ ಸಮ ಕೂಗಿದ. ಒಂದೊಂದು ಕೂಗಿಗೂ ಒಂದೊಂದು ಬಾಯಿ ತುಂಬಾ ಆ ವಿಷ ಒಳಗೆ ಹೋಗುತ್ತಿತ್ತು. ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಸುಮ್ಮನೆ ನಿಂತಿದ್ದರೆ ಅವನ ಗಂಟಲು ಉಳಿಯುತ್ತಿತ್ತು. ಅವನು ಕೂಗಿದ, "ಬರ್ರೀ, ಬರ್ರೀ" ಎಂದು ಅದೇ ಬಸ್ ಸ್ಟ್ಯಾಂಡಿನ ರಾಗದಲ್ಲಿ. ಅವರು ಅದೇ ರಾಗ ಹಿಡಿದು ಒಬ್ಬೊಬ್ಬರಾಗಿ ಶೆಡ್ಡಿನೊಳಗೆ ಬಂದು, ಮುಂಬಾಗಿಲು ದಾಟಿ ಗೇಟಿನ ಹತ್ತಿರ ಬಿದ್ದರು. ನಾನು ಅವರ ಮುಖಕ್ಕೆ ನೀರು ಹೊಯ್ಯುತ್ತಿದ್ದೆ. ನೋಡನೋಡುತ್ತಾ ದನಿ ಒಡೆಯಿತು, ಆಮೇಲೆ ಕೀರಲಾಯಿತು, ಆಮೇಲೆ ನಿಂತೇ ಹೋಯಿತು.

ಕೊನೆಯ ಹೆಂಗಸನ್ನೂ ಅವನನ್ನೂ ಮುಖವಾಡ ಹಾಕಿದ ಜವಾನರು ಹೊತ್ತು ತಂದರು. ಇಸ್ತ್ರಿ ಮಾಡಿದ ಖಾಕಿಯ ಎದೆಯ ಮೇಲೆಲ್ಲ ನೊರೆ. ಹೆಂಗಸರೆಲ್ಲ ಬದುಕಿದರು, ಅಷ್ಟು ಪುಣ್ಯ. ಸಮುದ್ರದ ಮೇಲೆ ಕಂಡದ್ದು ಏನೂ ಅಲ್ಲ ಎಂದು ಸಂಜೆ ಹೊತ್ತಿಗೆ ಹೇಳಿದರು.

ಕಂಟ್ರೋಲಿನ ಸಾಹೇಬರು ಜೀಪಿನಲ್ಲಿ ಬಂದಿಳಿದು ನೇರ ನನ್ನ ಹತ್ತಿರ ಬಂದರು.

"ಕಂದಕಕ್ಕೆ ಯಾರ್ರೀ ಕಳಿಸಿದ್ದು?"

"ನೀವೇ ಹೇಳಿದ್ರಲ್ಲ ಸರ್."

"ನಾನು ಆಚೆ ಕಳಿಸಿ ಅಂದೆ."

"ಆಚೆಗೇ ಸರ್ ಕಳಿಸಿದ್ದು."

"ಎಲ್ಲಿ ಆಚೆ? ನಾನು ಹೇಳಿದಾಗ ಒಬ್ಬರೂ ಆಚೆ ಬರಲಿಲ್ಲವಲ್ಲ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನನಗೆ ಆಗ ತಿಳಿಯಿತು. ಗೇಟಿನ ಬಳಿ ಉಳಿದಿದ್ದ ಒಂದು ಮರಳು ಮೂಟೆಯ ಮೇಲೆ ಕೂತೆ. ಅವರಿಗೂ ತಿಳಿಯಿತು ಎಂದೇ ನನ್ನ ನಂಬಿಕೆ. ಆದರೆ ಅವರು ಕೇಳಿದ್ದು ಲಾಗ್ ಪುಸ್ತಕ ಎಲ್ಲಿದೆ ಎಂದು.

ಕಾದಾಟ ನಿಂತಿತು, ನಾವು ವಾಪಸು ಬಂದೆವು. ತಿಂಗಳಾದ ಮೇಲೆ ಶಿಕಾರಿಪುರದಲ್ಲಿ ವಿಚಾರಣೆ ಎಂದು ಕಾಗದ ಬಂತು. ಪ್ರಶ್ನೆ ಒಂದೇ: ಕಂದಕಕ್ಕೆ ಕಳಿಸಿದ್ದು ಆದೇಶದ ಮೇಲೋ, ಏಜೆಂಟ್ ತನ್ನ ಮನಸ್ಸಿಗೆ ಬಂದಂತೆ ಮಾಡಿದ್ದೋ? ಎರಡನೆಯದಾದರೆ ಪಟ್ಟಿಯಿಂದ ಅವನ ಹೆಸರು ತೆಗೆದು ಖಾಕಿ ವಾಪಸು ಪಡೆಯುತ್ತಾರೆ. ಆಸ್ಪತ್ರೆಯಿಂದ ಬಂದ ಅವನ ಗಂಟಲಿಂದ ಪಿಸುಮಾತಿಗಿಂತ ಹೆಚ್ಚಿನದು ಹೊರಡುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಕೆಲಸ ಅಲ್ಲಿಗೆ ಹೋಯಿತು. ಉಳಿದದ್ದು ಆ ಖಾಕಿ ಒಂದೇ.

ವಿಚಾರಣೆಗೆ ನಾಲ್ಕು ದಿನ ಮುಂಚೆ ಸಾಹೇಬರು ಅಂಗಡಿಗೇ ಬಂದರು. ಕೈಯಲ್ಲಿ ನನ್ನ ಲಾಗ್ ಪುಸ್ತಕ, ಜೊತೆಗೆ ಒಂದು ಹೊಸದು.

"ನೀರು ಬಿದ್ದು ಮಸಿ ಹರಡಿದೆ ನೋಡಿ ಮೇಡಂ. ಒಂದು ಫೇರ್ ಕಾಪಿ ಮಾಡಿಕೊಡಿ. ಹಾಗೇ ಆ ಸಾಲಿನಲ್ಲಿ ಆಚೆ ಅನ್ನೋದು ಆಡುಮಾತಾಯ್ತು. ಕಡತದಲ್ಲಿ ಚೆನ್ನಾಗಿ ಕಾಣಲ್ಲ. ಹೊರಗೆ ಅಂತ ಬರೀರಿ. ಅರ್ಥ ಒಂದೇ ತಾನೇ?"

"ಒಂದೇ ಆಗಿದ್ರೆ ಅವ್ನ ಗಂಟಲು ಇರ್ತಿತ್ತಲ್ಲ ಸರ್" ಅಂದೆ.

ಅವರು ಸಿಟ್ಟಾಗಲಿಲ್ಲ. "ಯೋಚನೆ ಮಾಡಿ. ತಪ್ಪು ದಾಟಿಸಿದ್ದು ಯಾರು ಅಂತ ಪ್ರಶ್ನೆ ಬಂದ್ರೆ ಮೊದಲು ನಿಮ್ಮ ಹೆಸರೇ ಬರತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ" ಎಂದು ಹೊಸ ಪುಸ್ತಕ ಬಿಟ್ಟು ಹೋದರು.

ಹೆದರಿಕೆಯಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಸಬಾಳೆಯ ಹವಾಲ್ದಾರರಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ತಂಗಿ, ನಾನು ನಿಮಗೆ ಅರ್ಧ ಕಲಿಸಿದೆ ಅನ್ಸತ್ತೆ" ಅಂದರು. "ಪದ ಓದಿ ಹೇಳಿ ಅಂದೆ. ಅಂದ್ರೆ ಯಾವ ಕಡೆಗೆ ಅಂತ ಕೇಳಿ ಅನ್ಲಿಲ್ಲ. ಆದ್ರೂ ಪುಸ್ತಕ ಮಾತ್ರ ತಿದ್ದಬೇಡಿ."

ಆ ಮಧ್ಯಾಹ್ನ ಅಂಗಡಿ ಮುಚ್ಚಿ ಫೇರ್ ಕಾಪಿ ಬರೆದೆ. ಮೂರು ಗಂಟೆ ಹನ್ನೊಂದರ ಸಾಲಿನಲ್ಲಿ ಆಚೆ ಎಂದೇ ಬರೆದೆ. ಬೇರೆ ಹಾಳೆಯಲ್ಲಿ ಹೇಳಿಕೆ ಬರೆದೆ: ನಮ್ಮ ಸೀಮೆಯಲ್ಲಿ ಆಚೆ ಎಂದರೆ ಆ ಬದಿ, ಅಭ್ಯಾಸ ಮಾಡಿಸಿದ್ದೂ ಆ ಬದಿಗೇ, ಬಿಡಿಸಿ ಕೇಳದೆ ದಾಟಿಸಿದ್ದು ನನ್ನ ತಪ್ಪು, ಏಜೆಂಟ್ ಆದೇಶವನ್ನು ಕೇಳಿದಂತೆಯೇ ಪಾಲಿಸಿದ. ಸಹಿ ಹಾಕಿದೆ. ಎಷ್ಟೋ ದಿನದ ಮೇಲೆ ಅವತ್ತು ಹೊಟ್ಟೆ ತುಂಬಾ ಉಂಡೆ.

ವಿಚಾರಣೆಯ ಕೋಣೆಯಲ್ಲಿ ಮೂವರು ಅಧಿಕಾರಿಗಳಿದ್ದರು. ಮೂವರೂ ಮೈಸೂರು ಕಡೆಯ ಜಿಲ್ಲೆಗಳವರು. ನನ್ನ ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. ನಡುವೆ ಕೂತವರು ಕನ್ನಡಕ ತೆಗೆದು ನಕ್ಕರು.

"ಏನಮ್ಮ ಇದು? ಆಚೆ ಅಂದ್ರೆ ಹೊರಗೆ. ಚಿಕ್ಕ ಮಗುವಿಗೂ ಗೊತ್ತು."

"ನಮ್ಮ ಕಡೆ ಮಗುವಿಗೆ ಗೊತ್ತಿಲ್ಲ ಸರ್" ಅಂದೆ.

ಏಜೆಂಟ್ ಎದ್ದು ಏನೋ ಹೇಳಲು ಹೋದ. ಬಾಯಿ ಆಡಿತು, ಮಾತು ಮೇಜಿನ ತನಕ ತಲುಪಲಿಲ್ಲ. "ಗಟ್ಟಿಯಾಗಿ ಹೇಳಪ್ಪ" ಅಂದರು. ಅವನು ಮತ್ತೊಮ್ಮೆ ಪ್ರಯತ್ನಪಟ್ಟು, ಕೆಮ್ಮಿ, ಕೂತುಬಿಟ್ಟ. ನನಗೆ ಆ ಮೇಜನ್ನೇ ಮಗುಚಿ ಹಾಕುವಷ್ಟು ರೋಷ ಬಂತು. ಸುಬೇದಾರರನ್ನು ಕೇಳಿ ಎಂದೆ. ತೋಪು ಬೇರೆಲ್ಲಿಗೋ ಹೋಗಿತ್ತು, ಅವರೂ ಹೋಗಿದ್ದರು, ಅವರ ಹೇಳಿಕೆಯನ್ನು ಯಾರೂ ತೆಗೆದುಕೊಂಡೇ ಇರಲಿಲ್ಲ.

ಎರಡು ವಾರಕ್ಕೆ ವರದಿ ಬಂತು. ಆದೇಶ ಸ್ಪಷ್ಟವಾಗಿತ್ತು. ವೈರ್‌ಲೆಸ್ ಸಿಬ್ಬಂದಿ ಅಕ್ಷರಶಃ ಸರಿಯಾಗಿ ದಾಟಿಸಿದ್ದಾರೆ. ಕೆಳಗಿನ ಸ್ವಯಂಸೇವಕ ಅದನ್ನು ಮೀರಿ ಜನರನ್ನು ಅಪಾಯಕ್ಕೆ ಒಡ್ಡಿದ್ದಾನೆ. ನನಗೆ ಪ್ರಶಂಸಾ ಪತ್ರ, ದಪ್ಪ ಕಾಗದದ್ದು, ಸುತ್ತ ಬಂಗಾರದ ಬಣ್ಣದ ಅಂಚು. ತಪ್ಪು ನನ್ನದೆಂದು ಬರೆದುಕೊಟ್ಟವಳಿಗೆ ಶಹಬ್ಬಾಸ್! ಆ ಕಾಗದವನ್ನು ಕತ್ತರಿಸಿ ರವಿಕೆಯ ಕುತ್ತಿಗೆಗೆ ಅಚ್ಚು ಮಾಡಿಕೊಂಡೆ. ಗಟ್ಟಿ ಇದೆ, ಇನ್ನೂ ಬಾಳಿಕೆ ಬರುತ್ತಿದೆ.

ಏಜೆಂಟನಿಗೆ ಪತ್ರ ಕೊಟ್ಟು ಖಾಕಿ ಪಡೆದು ಬರಲು ಸಾಹೇಬರೇ ಹೊರಟರು. ಸಾಕ್ಷಿಗೆ ಒಬ್ಬರು ಬೇಕೆಂದು ನನ್ನನ್ನೂ ಕರೆದರು. ಬರುವುದಿಲ್ಲ ಅನ್ನಬಹುದಿತ್ತು. ಅವನ ಮುಖಕ್ಕೆ ಮುಖ ಕೊಡಲೇಬೇಕು ಎನ್ನಿಸಿ ಹೋದೆ.

ಶಿಕಾರಿಪುರದ ಒಂದು ಸಾಲುಮನೆ. ಖಾಕಿ ಆಗಲೇ ಒಗೆದು ಇಸ್ತ್ರಿಯಾಗಿ ಸ್ಟೂಲಿನ ಮೇಲಿತ್ತು, ಮೇಲೆ ಟೋಪಿ. ಅವನ ಹೆಂಡತಿ ನಮ್ಮನ್ನು ಕೂರಿಸಿ ನೀರು ಕೊಟ್ಟಳು.

"ಎಲ್ಲಮ್ಮ ಅವರು?" ಸಾಹೇಬರು ಕೇಳಿದರು.

"ಆಚೆ ಅದಾರ್ರೀ" ಅಂದಳು ಅವಳು, ಒಲೆಯ ಕಡೆ ಹೋಗುತ್ತಾ.

ಸಾಹೇಬರು ಎದ್ದು ಬಾಗಿಲು ದಾಟಿ ಹೊರಗೆ ಹೋದರು. ನಾನು ಕೂತಲ್ಲೇ ಕೂತಿದ್ದೆ. ಅವರು ಅಂಗಳದಲ್ಲಿ ನಿಂತು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ನೀರಿನ ತೊಟ್ಟಿಯ ಹಿಂದೆ ಬಗ್ಗಿ ನೋಡಿದರು, ಬೀದಿಯ ತನಕ ಹೋಗಿ ಬಂದರು.

"ಇಲ್ಲಿ ಯಾರೂ ಇಲ್ವಲ್ಲಮ್ಮ!"

"ಅಯ್ಯ, ಅಲ್ಲಲ್ರೀ ಸಾಹೇಬ್ರೇ!" ಅವಳು ಲೋಟ ಹಿಡಿದೇ ಹೊರಬಂದಳು. "ಹೊರಗೆ ಅಂದ್ನೇನ್ರೀ ನಾನು? ಆಚೆ ಅಂದೆ. ಆಚೆ ಮನ್ಯಾಗೆ ಅದಾರೆ. ಕರೀತೀನಿ ತಡೀರಿ."

ಸಾಹೇಬರು ಅಂಗಳದಲ್ಲಿ ನಿಂತೇ ಇದ್ದರು. ನನ್ನ ಕಡೆ ನೋಡಿದರು. ನಾನೂ ನೋಡಿದೆ, ಕಣ್ಣು ತೆಗೆಯಲಿಲ್ಲ. ಪುಸ್ತಕವಿದ್ದಿದ್ದರೆ ಗಂಟೆ, ನಿಮಿಷ ಹಾಕಿ ಬರೆದುಕೊಳ್ಳುತ್ತಿದ್ದೆ. ಅವರು ಈಗ ಒಂದು ಮಾತು ಆಡುತ್ತಾರೆ ಎಂದು ಕಾದೆ, ನಿಜವಾಗಿ ಕಾದೆ.

ಏಜೆಂಟ್ ಪಕ್ಕದ ಮನೆಯಿಂದ ಬಂದು ಸೆಲ್ಯೂಟ್ ಹೊಡೆದ. ಸಾಹೇಬರು ಗಂಟಲು ಸರಿಮಾಡಿಕೊಂಡರು. ಚೀಲದಿಂದ ಪತ್ರ ತೆಗೆದರು, ಪೆನ್ನು ಕೊಟ್ಟರು, ಸಹಿ ಹಾಕಬೇಕಾದ ಗೆರೆಯನ್ನು ಬೆರಳಿಟ್ಟು ತೋರಿಸಿದರು.

ಅವನು ಪೆನ್ನು ಹಿಡಿದು ಬಗ್ಗಿದವನು ಹಾಗೇ ತಲೆ ಎತ್ತಿದ. ಗಾಳಿಯಂಥ ದನಿ, ಆದರೂ ಈ ಸಲ ನಮ್ಮಿಬ್ಬರಿಗೂ ಚೆನ್ನಾಗಿ ಕೇಳಿಸಿತು.

"ಗೆರೆ ಮೇಲೋ, ಗೆರೆ ಆಚೆಗೋ, ಸಾಹೇಬ್ರೇ? ಒಂದ್ಸಲ ಬಿಡಿಸಿ ಹೇಳಿಬಿಡ್ರಿ."